ಹಾಳೆ ತಿರುಗಿಸುವವರು

ಸೋಮವಾರ ಮಧ್ಯಾಹ್ನ ಗ್ರಂಥಾಲಯದ ಮೇಲಂತಸ್ತಿನ ಸಭಾಂಗಣದಲ್ಲಿ, ಊಟದ ಬಿಡುವಿನಲ್ಲಿ ಬಂದು ಕೂತ ಅರವತ್ತು ಜನರ ಮುಂದೆ, ಅತ್ತೆ ಒಂದರ ಬದಲು ಎರಡು ಹಾಳೆ ತಿರುಗಿಸಿಬಿಟ್ಟರು.

ಪಿಯಾನೋ ನುಡಿಸುತ್ತಿದ್ದ ಸೊಸೆ ತಲೆಯೆತ್ತಿ ಸ್ವರಪುಸ್ತಕ ನೋಡಿದಳು. ಕಣ್ಣೆದುರು ಇರಬೇಕಾದ ಸಾಲು ಇಲ್ಲ. ಇರುವುದು ಇನ್ನೆರಡು ನಿಮಿಷ ಬಿಟ್ಟು ನುಡಿಸಬೇಕಾದದ್ದು. ಇಪ್ಪತ್ತಾರು ವರ್ಷದ ಕಸುಬು ಬೆರಳಲ್ಲಿದ್ದದ್ದಕ್ಕೆ ಬಚಾವಾದಳು. ನೆನಪಿದ್ದಷ್ಟು ನುಡಿಸಿ, ನೆನಪಿಲ್ಲದ ಕಡೆ ಎಡಗೈಯನ್ನು ಸುಮ್ಮನೆ ಓಡಾಡಿಸಿ, ಹೇಗೋ ದಡ ಸೇರಿದಳು. ಜನ ಚಪ್ಪಾಳೆ ತಟ್ಟಿ, ಊಟದ ಡಬ್ಬಿ ಎತ್ತಿಕೊಂಡು ತಮ್ಮ ತಮ್ಮ ಆಫೀಸಿಗೆ ಹೋದರು. ಆದದ್ದು ಗೊತ್ತಿದ್ದದ್ದು ಇಬ್ಬರಿಗೇ.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಮೂರು ನಿಲ್ದಾಣ ದಾಟಿದ ಮೇಲೆ ಹೊರಗೆ ನೋಡುತ್ತಲೇ, “ಹಾಳೆ ಅಂಟ್ಕೊಂಡಿತ್ತು,” ಅಂದರು.

“ಹೌದತ್ತೆ, ಹೊಸ ಪುಸ್ತಕ ನೋಡಿ,” ಅಂದಳು ಸೊಸೆ.

ಪುಸ್ತಕಕ್ಕೆ ಹನ್ನೊಂದು ವರ್ಷ. ಮೂಲೆಗಳು ಸವೆದು ಸವೆದು ಬಟ್ಟೆಯಂತಾಗಿವೆ. ಅದು ಇಬ್ಬರಿಗೂ ಗೊತ್ತು. ಗೊತ್ತಿದ್ದೂ ಉಳಿದ ದಾರಿಯುದ್ದಕ್ಕೂ ಆಲೂಗಡ್ಡೆ, ಟೊಮೆಟೊ ವಿಷಯ ಮಾತಾಡಿಕೊಂಡು ಮನೆಗೆ ಬಂದರು.

ಅತ್ತೆಗೆ ಎಪ್ಪತ್ತೊಂದು. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ನಿಂತು ಕಾಗದ ವಿಂಗಡಿಸಿದವರು. ಸೊಸೆ ಮನೆಗೆ ಬಂದ ಹೊಸದರಲ್ಲಿ ಒಂದು ದಿನ ಹಾಳೆ ತಿರುಗಿಸಬೇಕಾದವನು ಕೈಕೊಟ್ಟಾಗ, “ಕಾಗದ ತಾನೆ? ನಾನು ನೋಡ್ಕೋತೀನಿ ನಡಿ,” ಎಂದು ಎದ್ದು ಬಂದವರು ಮತ್ತೆ ಆ ಕುರ್ಚಿ ಬಿಟ್ಟಿರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ, ಐದು ಗೆರೆಗಳ ಮೇಲೆ ಕೂತ ಚುಕ್ಕೆಗಳನ್ನು ಓದಲು ಕಲಿತರು. ಹತ್ತೊಂಬತ್ತು ವರ್ಷ ಸೊಸೆಯ ಎಡಗಡೆ, ಅರ್ಧ ಅಡಿ ಹಿಂದೆ, ಕಪ್ಪು ಬಟ್ಟೆ ತೊಟ್ಟು ಕೂತು, ಸಾಲು ಮುಗಿಯುವ ಹೊತ್ತಿಗೆ ಏಳುವುದು, ತಿರುಗಿಸುವುದು, ಕೂರುವುದು. ಅತ್ತೆ ಸೊಸೆ ಹೀಗೆ ಅಂಟಿಕೊಂಡು ಊರೂರು ಸುತ್ತುವುದನ್ನು ಕಂಡು ನೆಂಟರಿಗೆ ಆಶ್ಚರ್ಯ, ಕೆಲವರಿಗೆ ಹೊಟ್ಟೆಕಿಚ್ಚು.

ಸಂಜೆ ಬಟ್ಟೆ ಮಡಿಸುವಾಗ ಸೊಸೆ ವಿಷಯವನ್ನು ಗಂಡನ ಕಿವಿಗೆ ಹಾಕಿದಳು.

“ರೀ, ಅತ್ತೆಗೆ ಕೈಲಾಗ್ತಿಲ್ಲ. ಇವತ್ತು ಎರಡು ಹಾಳೆ ಹೋಯ್ತು. ಶನಿವಾರ ಡಾನ್ಸಿನವರ ಜೊತೆ ಹೀಗಾದ್ರೆ ನಾನು ಮುಗಿದ ಹಾಗೇ. ನೀವು ಒಂದು ಮಾತು ಹೇಳಿ.”

“ನಾನಾ?” ಅವನು ಕಾಲುಚೀಲದ ಜೋಡಿ ಹುಡುಕುತ್ತ ಅಂದ. “ನಿನ್ನ ಕೆಲಸದ ವಿಷ್ಯ ಕಣೇ ಅದು. ನೀನು ಹೇಳೋದೇ ಸರಿ.”

“ನಿಮ್ಮಮ್ಮ ಅಲ್ವಾ?”

“ಅದಕ್ಕೇ ಹೇಳೋಕಾಗಲ್ಲ.”

ಅವನು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವನು. ಊರಿಗೆಲ್ಲ ಹಲ್ಲು ಕೊಡುವ ಈ ಮನುಷ್ಯ ಮನೆಯಲ್ಲಿ ಮಾತ್ರ ಯಾವ ಮಾತನ್ನೂ ಕಚ್ಚಲಾರ. ಒಂದು ಒಂಟಿ ಕಾಲುಚೀಲ ಹಿಡಿದುಕೊಂಡು, “ತಮ್ಮನ ಹತ್ರ ಒಂದು ಟ್ಯಾಬ್ ಇದೆ,” ಅಂದ. “ಕಾಲಲ್ಲಿ ಒತ್ತಿದ್ರೆ ಪುಟ ತಿರುಗಿಸೋ ಪೆಡಲ್ಲೂ ಸಿಗುತ್ತಂತೆ. ತರ್ಲಾ?”

ಸೊಸೆ ತರಬೇಡಿ ಅನ್ನಲಿಲ್ಲ. ತನ್ನಿ ಅಂತಲೂ ಅನ್ನಲಿಲ್ಲ. ಆ ವಾರ ಅವಳಿಗೆ ಮೂರು ಕಾರ್ಯಕ್ರಮ, ಮೂರಕ್ಕೂ ಬೇರೆ ಬೇರೆ ಸಂಗೀತ. ಎಲ್ಲ ಬಾಯಿಪಾಠ ಮಾಡಲು ತಲೆಯೇನು ಗೋದಾಮೇ? ಇದರ ಮೇಲೆ ಮಂಗಳವಾರ ಹನ್ನೊಂದು ಮಕ್ಕಳಿಗೆ ಪಾಠ. ಆ ಹನ್ನೊಂದೂ ಮಕ್ಕಳು ಒಂದೇ ಪಾಠವನ್ನು ಹನ್ನೊಂದು ಬಗೆಯಲ್ಲಿ ಕೆಡಿಸಿ ಹೋದ ಮೇಲೆ ಅವಳು ಅಡುಗೆಮನೆಗೆ ಬಂದು ನೋಡಿದರೆ, ಅತ್ತೆ ಕಾಲ ಮೇಲೆ ಕಾಲು ಹಾಕಿ ಕೂತು ಕಪ್ಪು ಬಟ್ಟೆಯ ಸಡಿಲವಾದ ಗುಂಡಿ ಹೊಲಿಯುತ್ತಿದ್ದರು. ಸೂಜಿಯ ಕಣ್ಣಿಗೆ ದಾರ ಪೋಣಿಸಿಕೊಟ್ಟವಳು ಮೊಮ್ಮಗಳು.

“ಶನಿವಾರಕ್ಕೆ ಗಟ್ಟಿಯಾಗಿರ್ಲಿ,” ಅಂದರು ಅತ್ತೆ.

ಸೊಸೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ನಿಂತೇ ತಿಂದಳು.

ಬುಧವಾರ ಬೆಳಗ್ಗೆ ಡಾನ್ಸಿನವರ ಅಭ್ಯಾಸ. ಹಳೆಯ ಗಿರಣಿಯೊಂದರ ಮಹಡಿ; ಒಂದು ಗೋಡೆ ತುಂಬ ಕನ್ನಡಿ, ಮೂಲೆಯಲ್ಲಿ ಬಾಡಿಗೆ ಪಿಯಾನೋ, ಆರು ಜನ ನರ್ತಕಿಯರು, ಹನ್ನೆರಡು ಬರಿಗಾಲು. ನಿರ್ದೇಶಕಿ ಸೊಸೆಯ ಹಳೆಯ ಸಹಪಾಠಿ. ಮಾತು ಕಡಿಮೆ, ಆಡಿದರೆ ಚಾಟಿ. ಎರಡು ತಿಂಗಳಿನಿಂದ ಇವರು ಅಭ್ಯಾಸ ಮಾಡಿದ್ದು ಒಂದು ರೆಕಾರ್ಡಿಂಗಿಗೆ. ಸೊಸೆ ಮನೆಯಲ್ಲಿ ನುಡಿಸಿದ್ದನ್ನು ಮಗಳು ಫೋನಿನಲ್ಲಿ ಹಿಡಿದು ಕಳಿಸಿದ್ದಳು. ನಲವತ್ತು ನಿಮಿಷದ ಆ ಸಂಗೀತಕ್ಕೆ ಸೊಸೆಯೂ ಅವರೂ ಒಟ್ಟಿಗೆ ಕೂಡಿದ್ದು ಅದೇ ಮೊದಲು. ಅತ್ತೆಗೆ ಆ ದಿನ ಮಂಡಿನೋವು, ಬಂದಿರಲಿಲ್ಲ. ಹಾಳೆಗೆ ನಿರ್ದೇಶಕಿಯ ಸಹಾಯಕಿ ನಿಂತಿದ್ದಳು.

ಇಪ್ಪತ್ತು ನಿಮಿಷ ಎಲ್ಲವೂ ನೀರು ಹರಿದ ಹಾಗೆ ನಡೆಯಿತು. ನಿಧಾನದ ಭಾಗ ಬಂತು. ನರ್ತಕಿಯರಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದವಳನ್ನು ಉಳಿದವರು ಹೆಗಲ ಮೇಲೆ ನಿಲ್ಲಿಸಿದರು. ಸೊಸೆ ಪುಟದ ಕೊನೆ ಮುಟ್ಟಿದಳು, ಹಾಳೆ ತಿರುಗಿತು, ಮುಂದಿನ ಸ್ವರ ನುಡಿಸಿದಳು. ಮೇಲಿದ್ದ ಹುಡುಗಿ ಗಲಿಬಿಲಿಗೊಂಡು ದೊಪ್ಪೆಂದು ಬಿದ್ದಳು. ಮೊಣಕೈ ನೆಲಕ್ಕೆ ಬಡಿದ ಸದ್ದಿಗೆ ಪಿಯಾನೋ ತಾನಾಗಿ ನಿಂತಿತು.

“ಎಲ್ಲಿ ಹೋಯ್ತು?” ನಿರ್ದೇಶಕಿ ಕೂಗಿದಳು.

“ಏನು ಎಲ್ಲಿ ಹೋಯ್ತು?”

“ಆ ನಿಲ್ಲೋದು! ಅಲ್ಲಿ ನಿಲ್ತೀಯಲ್ಲ ನೀನು!”

ಫೋನು ತಂದು ಕೇಳಿಸಿದಳು. ಮನೆಯ ಪಿಯಾನೋ, ನಿಧಾನದ ಸಾಲು, ಕೊನೆಯ ಸ್ವರ. ಆಮೇಲೆ ಏನಿಲ್ಲ. ಕಾಗದ ಒಮ್ಮೆ ಸರಕ್ಕೆಂದಿತು, ಮತ್ತೊಮ್ಮೆ ಸರಕ್ಕೆಂದಿತು. “ತ್ಚ್” ಎಂದು ಯಾರೋ ಲೊಚಗುಟ್ಟಿದರು. ಹಾಳೆ ತಿರುಗಿತು, ಸಂಗೀತ ಮುಂದುವರಿಯಿತು.

“ಅಷ್ಟೂ ಹೊತ್ತು ಅವಳು ಹಿಂದಕ್ಕೆ ವಾಲ್ತಾ ಇರ್ತಾಳೆ,” ಅಂದಳು ನಿರ್ದೇಶಕಿ. “ಆ ‘ತ್ಚ್’ಗೆ ಕೈ ಬಿಡ್ತಾಳೆ. ಸ್ವರ ಬರೋವಾಗ ಇವರು ಹಿಡೀತಾರೆ. ಇಡೀ ನೃತ್ಯಕ್ಕೆ ಅದೇ ಜೀವ. ಇಷ್ಟು ಚೆನ್ನಾಗಿ ಯೋಚಿಸಿದೀಯಲ್ಲ ಅಂತ ನಾನು ಎಲ್ಲರ ಹತ್ರ ಹೊಗಳಿದೀನಿ ನಿನ್ನ.”

ಆ ‘ತ್ಚ್’ ಸೊಸೆಗೆ ಚೆನ್ನಾಗಿ ಗೊತ್ತು. ಹಾಲು ಉಕ್ಕಿದರೆ, ಬೀಗದ ಕೈ ಸಿಗದಿದ್ದರೆ, ಬಸ್ಸು ತಪ್ಪಿದರೆ ಮನೆಯಲ್ಲಿ ಕೇಳುವ ಸದ್ದು ಅದು. ಅತ್ತೆಗೆ ಅವತ್ತು ಹಾಳೆ ಸಿಕ್ಕಿರಲಿಲ್ಲ. ಮನೆಯ ರೆಕಾರ್ಡಿಂಗ್ ತಾನೆ, ನಡೆಯುತ್ತೆ ಎಂದು ಹಾಗೇ ಕಳಿಸಿದ್ದರು. ಇಷ್ಟನ್ನು ಹೇಳಿ ಮುಗಿಸಬಹುದಿತ್ತು. ಆದರೆ ಹೊಗಳಿಕೆ ಆಗಲೇ ಕೈಗೆ ಬಂದುಬಿಟ್ಟಿದೆ, ಆರು ಜನ ಹುಡುಗಿಯರು ನೋಡುತ್ತಿದ್ದಾರೆ.

“ಮರೆತೆ,” ಅಂದಳು. “ಶನಿವಾರ ನಿಲ್ತೀನಿ.”

ಇನ್ನೆರಡು ಸಲ ಪ್ರಯತ್ನಿಸಿದಳು. ಒಮ್ಮೆ ಕಡಿಮೆಯಾಯಿತು, ಒಮ್ಮೆ ಉದ್ದವಾಯಿತು. ಹುಡುಗಿ ಮೊಣಕೈ ಉಜ್ಜಿಕೊಳ್ಳುತ್ತ, “ಅಕ್ಕಾ, ನೀವು ನಿಂತಿದ್ದು ಗೊತ್ತಾಗುತ್ತೆ, ಮತ್ತೆ ಶುರು ಮಾಡೋದೇ ಗೊತ್ತಾಗಲ್ಲ,” ಅಂದಳು.

ಸಂಜೆ ಮನೆಗೆ ಬಂದರೆ ಪಿಯಾನೋ ಮೇಲೆ ಟ್ಯಾಬ್ ಕೂತಿತ್ತು, ಕೆಳಗೆ ಪೆಡಲ್. ಗಂಡ ತಂದಿಟ್ಟು ಜಾಣನ ಹಾಗೆ ಸ್ನಾನಕ್ಕೆ ಹೋಗಿದ್ದ. ಹದಿನೇಳರ ಮಗಳು ಪುಸ್ತಕದ ಪುಟಗಳ ಫೋಟೋ ತೆಗೆದು ಅದರೊಳಗೆ ತುಂಬುತ್ತಿದ್ದಳು. ಬಾಯಿ ಖಾರವೆಂದು ಇವಳನ್ನು ಮನೆಯಲ್ಲಿ ಕರೆಯುವುದೇ ಮೆಣಸು ಅಂತ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ಏನದು?”

“ಪುಟ ತಿರುಗಿಸೋದು ಅಜ್ಜಿ. ಕಾಲಲ್ಲಿ ಒತ್ತಿದ್ರಾಯ್ತು.”

“ಯಾರಿಗೆ?”

“ಅಮ್ಮಂಗೆ. ಸೋಮವಾರ ನೀನು ಎರಡು ಹಾಳೆ ತಿರುಗಿಸಿದ್ಯಂತಲ್ಲ. ಅಮ್ಮ ಅಪ್ಪನ ಹತ್ರ ಹೇಳ್ತಿದ್ರು, ನಿಂಗೆ ಕೈಲಾಗ್ತಿಲ್ಲ ಅಂತ.”

“ಮೆಣಸೂ!” ಅಂದಳು ಸೊಸೆ.

“ನಿಜ ತಾನೆ? ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡು ಓಡಾಡಿದ್ರೆ ಅಜ್ಜಿಗೆ ಹೇಗೆ ಗೊತ್ತಾಗ್ಬೇಕು?”

ಅತ್ತೆ ಮೊಮ್ಮಗಳನ್ನು ಬಯ್ಯಲಿಲ್ಲ. ಸೊಸೆಯ ಕಡೆ ತಿರುಗಿದರು. “ನನ್ನ ಹತ್ರ ಹೊಸ ಪುಸ್ತಕ ಅಂದೆ. ಅವನ ಹತ್ರ ಇದು.”

“ಅತ್ತೆ, ನಿಮಗೆ ಬೇಜಾರಾಗುತ್ತೇಂತ...”

“ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಕೂತಿದೀನಿ. ಮುಖ ನೋಡಿ ಹೇಳೋಕಾಗ್ಲಿಲ್ವಾ?”

“ನೀವು ಹೇಳಿದ್ರಾ? ಅಂಟ್ಕೊಂಡಿತ್ತು ಅಂದ್ರಿ!” ಸೊಸೆಯ ದನಿ ತನಗೇ ಗೊತ್ತಿಲ್ಲದೆ ಏರಿತು. “ವಾರದಲ್ಲಿ ಮೂರು ಕಾರ್ಯಕ್ರಮ ಅತ್ತೆ. ನಾನು ನುಡಿಸೋದು ನೋಡ್ಲಾ, ಹಾಳೆ ನೋಡ್ಲಾ, ಅಡುಗೆ ನೋಡ್ಲಾ, ನಿಮ್ಮ ಮನಸ್ಸು ನೋಡ್ಲಾ?”

“ನನ್ನ ಮನಸ್ಸು ನೋಡ್ಬೇಡ. ಅದು ನಂಗೆ ಗೊತ್ತಿದೆ,” ಎಂದು ಅತ್ತೆ ಒಳಗೆ ಹೋದರು. ಅಷ್ಟರಲ್ಲಿ ತಲೆ ಒರೆಸುತ್ತ ಬಂದ ಗಂಡ ಮೂವರ ಮುಖ ನೋಡಿ ಮತ್ತೆ ಬಚ್ಚಲಿಗೇ ಹೋದ.

ಗುರುವಾರ ಸಂಗೀತ ಸಂಘದಲ್ಲಿ ಟ್ಯಾಬ್ ಇಟ್ಟುಕೊಂಡು ನುಡಿಸಿದಳು. ಎಡಗಾಲು ಒತ್ತಿತು, ಪುಟ ತಿರುಗಿತು. ಒಂದೂವರೆ ಗಂಟೆಯಲ್ಲಿ ಒಂದು ತಪ್ಪಿಲ್ಲ. ಎಡಗಡೆ ಮಾತ್ರ ಬಾಗಿಲು ತೆರೆದಿಟ್ಟ ಹಾಗೆ ಚಳಿ ಚಳಿ. ಮನೆಗೆ ಬಂದಾಗ ಅತ್ತೆ ಊಟ ಬಡಿಸಿದರು. ಅನ್ನ, ಬೇಯಿಸಿದ ಮೊಟ್ಟೆ, ಎರಡು ಬಗೆ ತರಕಾರಿ. ಮನೆಯಿಡೀ ಗುಡಿಸಿ ಒರೆಸಿತ್ತು, ಕಿಟಕಿಯ ಗಾಜು ಕೂಡ. ಅತ್ತೆ ಕೋಪ ಬಂದರೆ ಪಾತ್ರೆ ಎಸೆಯುವವರಲ್ಲ, ಉಜ್ಜುವವರು.

“ಹೇಗಾಯ್ತು?”

“ಚೆನ್ನಾಗಾಯ್ತು.”

“ತಪ್ಪೇನಾದ್ರೂ?”

“ಇಲ್ಲ.”

“ಒಳ್ಳೇದಾಯ್ತು,” ಎಂದು ಇನ್ನೊಂದು ಮೊಟ್ಟೆ ತಟ್ಟೆಗೆ ಹಾಕಿದರು. ಬೈದಿದ್ದರೆ ಸೊಸೆಗೆ ಅದಕ್ಕಿಂತ ಹಿತವಾಗುತ್ತಿತ್ತು.

ಶುಕ್ರವಾರ ರಂಗದ ಮೇಲೆ ಕಡೆಯ ಅಭ್ಯಾಸ. ಅಲ್ಲಿಯೂ ಅದೇ ಕಥೆ. ಸೊಸೆ ಮನಸ್ಸಿನಲ್ಲೇ ಮೂರೆಣಿಸಿದಳು, ನಾಲ್ಕೆಣಿಸಿದಳು. ನಾಲಿಗೆಯಲ್ಲಿ ‘ತ್ಚ್’ ಅಂದರೆ ಬೆಕ್ಕನ್ನು ಕರೆದ ಹಾಗೆ ಕೇಳಿತು, ಹುಡುಗಿಯರಿಗೆ ನಗು. ಐದನೆಯ ಸಲಕ್ಕೂ ಆ ಗಿಡ್ಡ ಹುಡುಗಿ ಕೈ ಬಿಡಲಿಲ್ಲ. ಬಿದ್ದು ಪೆಟ್ಟು ತಿಂದವಳಿಗೆ ಧೈರ್ಯ ಎಲ್ಲಿಂದ ಬರಬೇಕು?

ನಿರ್ದೇಶಕಿ ಪಿಯಾನೋ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ತಪ್ಪು ತಿಳ್ಕೋಬೇಡ. ನಾಳೆ ರೆಕಾರ್ಡಿಂಗೇ ಹಾಕಿಬಿಡ್ತೀನಿ. ನೀನು ಬಂದು ಮುಂದಿನ ಸಾಲಲ್ಲಿ ಕೂತು ನೋಡು.”

ಪೋಸ್ಟರಿನ ಮೇಲೆ ಇವಳ ಹೆಸರಿದೆ. ಎರಡು ತಿಂಗಳ ಬೆವರಿದೆ. ಸೊಸೆ ಬೆಂಚಿನ ಅಂಚು ಹಿಡಿದು ಕೂತಳು.

“ಆ ‘ತ್ಚ್’ ನಂದಲ್ಲ ಕಣೇ,” ಅಂದಳು. “ನಮ್ಮತ್ತೇದು. ಹಾಳೆ ಸಿಗದೆ ತಡ ಮಾಡಿದ್ರು. ನಾನೇನೂ ಯೋಚಿಸಿರ್ಲಿಲ್ಲ.”

ನಿರ್ದೇಶಕಿ ಪಿಯಾನೋ ಮೇಲೆ ಮೊಣಕೈ ಊರಿದಳು. “ಹಾಗಾದ್ರೆ ಅವರನ್ನೇ ಕರ್ಕೊಂಡು ಬಾ. ಇಲ್ದಿದ್ರೆ ರೆಕಾರ್ಡಿಂಗ್. ಬೆಳಗ್ಗೆಯೊಳಗೆ ಹೇಳು.”

ಮನೆಯಲ್ಲಿ ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದರು. ಸೊಸೆ ಚೀಲ ಕೆಳಗಿಟ್ಟು, ಎದುರು ಕೂತು, ತಾನೂ ಒಂದು ಹಿಡಿ ಎಳೆದುಕೊಂಡು ಸುಲಿಯುತ್ತ ಎಲ್ಲ ಹೇಳಿದಳು. ಹುಡುಗಿ ಬಿದ್ದದ್ದು, ತಾನು ಸುಳ್ಳು ಹೇಳಿದ್ದು, ನಾಳೆ ತನ್ನ ಜಾಗದಲ್ಲಿ ರೆಕಾರ್ಡಿಂಗ್ ಹಾಕುತ್ತಾರೆ ಎಂಬುದು, ಯಾವುದನ್ನೂ ಬಿಡಲಿಲ್ಲ.

ಅತ್ತೆ ಕೇಳಿ ಮುಗಿಸಿದರು. “ಅಂದ್ರೆ ನಾಳೆ ನಾನು ಬಂದು ತಪ್ಪು ಮಾಡ್ಬೇಕು. ಬೇಕೂಂತ.”

“ತಪ್ಪಲ್ಲ ಅತ್ತೆ, ಅವರಿಗದು...”

“ಅವರಿಗೆ ಏನಾದ್ರೂ ಆಗ್ಲಿ. ನಂಗದು ತಪ್ಪು. ಮೂವತ್ತೊಂದು ವರ್ಷದಲ್ಲಿ ಒಂದು ಕಾಗದ ಬೇರೆ ಬೀದಿಗೆ ಹಾಕಿದವಳಲ್ಲ ನಾನು. ಎಲ್ಲರ ಮುಂದೆ ತಡವರಿಸೋಕೆ ಬರಲ್ಲ.”

ಅತ್ತೆ ಇನ್ನೊಂದು ಬಟಾಣಿ ಸುಲಿದು, ತಲೆಯೆತ್ತದೆ ಅಂದರು: “ಒಂದು ಹೇಳ್ತೀನಿ. ಗಲಾಟೆ ಮಾಡ್ಬೇಡ. ಎರಡು ವರ್ಷ ಆಯ್ತು, ನಂಗೆ ಆ ಚುಕ್ಕೆಗಳು ಕಾಣಲ್ಲ. ಎಲ್ಲ ಇರುವೆ ಮುತ್ತಿದ ಹಾಗೆ.”

ಸೊಸೆಯ ಕೈ ನಿಂತಿತು. “ಮತ್ತೆ ಇಷ್ಟು ದಿನ ಹೇಗೆ...?”

“ಪುಸ್ತಕ ಯಾರು ನೋಡ್ತಾರೆ? ನಿನ್ನ ನೋಡ್ತಿದ್ದೆ. ಪುಟ ಮುಗಿಯೋ ಹೊತ್ತಿಗೆ ನೀನು ಗಲ್ಲ ಒಂಚೂರು ಎತ್ತುತೀಯ. ನಿಂಗೇ ಗೊತ್ತಿಲ್ಲ. ಎದ್ದು ಮೂಲೆ ತಡಕಿ ತಿರುಗಿಸ್ತಿದ್ದೆ, ಅಷ್ಟೇ. ಒಂದಾ ಎರಡಾ ಅಂತ ಬೆರಳಿಗೆ ಗೊತ್ತಾಗ್ಬೇಕು. ಮೊದಲು ಆಗ್ತಿತ್ತು. ಈಗ ಬೆರಳೂ ಒಣಗಿದೆ.”

“ಡಾಕ್ಟರ ಹತ್ರ ಹೋಗೋದಲ್ವಾ ಅತ್ತೆ!”

“ಹೋದ್ರೆ ನೀವು ಮನೇಲಿ ಕೂರಿಸಿಬಿಡ್ತಿದ್ರಿ. ನೋಡು, ಹೋಗ್ದೇನೂ ಕೂರಿಸಿದ್ರಿ.”

ಸೊಸೆಗೆ ತನ್ನ ಕೋಪವೇ ನಾಚಿಕೆ ತಂದಿತು.

ಅತ್ತೆ ಸಿಪ್ಪೆಗಳನ್ನು ಒಟ್ಟು ಮಾಡಿ ಎದ್ದರು. “ನೀನು ಹಾಳೆ ತಿರುಗಿಸಿ ಎಷ್ಟು ವರ್ಷ ಆಯ್ತು?”

“ನಾನಾ? ಜನರ ಮುಂದೆ ತಿರುಗಿಸಿದ್ದೇ ಇಲ್ಲವಲ್ಲ. ನೀವು ಬಂದ ಮೇಲೆ...”

“ಹಾಗಾದ್ರೆ ನಾಳೆ ಆ ಒಂದು ಜಾಗದಲ್ಲಿ ಆ ಯಂತ್ರ ಪಕ್ಕಕ್ಕಿಡು. ಪುಸ್ತಕ ಇಟ್ಕೊ. ನೀನೇ ತಿರುಗಿಸು. ಎಣಿಸ್ಬೇಡ, ಏನೂ ಮಾಡ್ಬೇಡ. ಅಭ್ಯಾಸ ಇಲ್ದೋಳು, ನನ್ನಷ್ಟೇ ತಡ ಮಾಡ್ತೀಯ.”

ಶನಿವಾರ ಬೆಳಗ್ಗೆ ಸೊಸೆ ಇದನ್ನು ಫೋನಿನಲ್ಲಿ ಹೇಳಿದಾಗ ನಿರ್ದೇಶಕಿ, “ಒಂದು ಸಲ ಅಭ್ಯಾಸ ಮಾಡಿ ನೋಡೋಣ್ವಾ?” ಅಂದಳು. ಸೊಸೆ ಬೇಡವೆಂದಳು. ಅಭ್ಯಾಸವಾದರೆ ಕೈ ಪಳಗುತ್ತದೆ, ಪಳಗಿದರೆ ಕೆಟ್ಟಿತು. “ಹುಡುಗಿಗೆ ನನ್ನ ಎಡಗೈ ನೋಡ್ತಿರು ಅಂತ ಹೇಳು, ಸಾಕು,” ಅಂದಳು. ನಿರ್ದೇಶಕಿ ನಿಟ್ಟುಸಿರು ಬಿಟ್ಟು, ರೆಕಾರ್ಡಿಂಗ್ ಕೂಡ ಸಿದ್ಧ ಇಟ್ಟಿರುತ್ತೇನೆ, ಅನ್ನುವುದನ್ನು ಮರೆಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ಪರದೆ ಸರಿಯಿತು. ಮೂರನೆಯ ಸಾಲಿನಲ್ಲಿ ಗಂಡ, ಮೆಣಸು, ಅವರ ನಡುವೆ ಅತ್ತೆ. ಕಪ್ಪು ಬಟ್ಟೆ ಬೇಡವೆಂದು ಅವರು ನೀಲಿಯದು ತೊಟ್ಟಿದ್ದರು. ಸೊಸೆಗೆ ಆ ವಾರದಲ್ಲಿ ಸರಿಯಾಗಿ ನಿದ್ದೆ ಮಾಡಿದ ನೆನಪೇ ಇಲ್ಲ. ಭುಜಗಳು ಕಲ್ಲಾಗಿದ್ದವು. ಮೊದಲ ಇಪ್ಪತ್ತು ನಿಮಿಷ ಕಾಲು ಒತ್ತುತ್ತ ಹೋಯಿತು, ಪುಟಗಳು ಬಂದವು. ನಿಧಾನದ ಭಾಗಕ್ಕೆ ಟ್ಯಾಬನ್ನು ಸರಿಸಿ ಪುಸ್ತಕ ಎಳೆದುಕೊಂಡಳು. ಆರು ಹುಡುಗಿಯರು ಕೂಡಿಕೊಂಡರು. ಗಿಡ್ಡವಳು ಮೇಲೆ ನಿಂತಳು, ಕತ್ತು ಹೊರಳಿಸಿ ಇವಳ ಕೈಯನ್ನೇ ನೋಡಿದಳು.

ಪುಟ ಮುಗಿಯಿತು. ಸೊಸೆ ಎಡಗೈ ಚಾಚಿ ಮೂಲೆ ಹಿಡಿದಳು. ಬೆರಳು ಜಾರಿತು.

ಮತ್ತೆ ಹಿಡಿದಳು. ಎರಡು ಹಾಳೆ ಬಂದವೇ? ಬಿಟ್ಟಳು. ಮುನ್ನೂರು ಜನ ನೋಡುತ್ತಿದ್ದರು. ಮೇಲಿದ್ದ ಹುಡುಗಿ ಹಿಂದಕ್ಕೆ ವಾಲುತ್ತಿದ್ದಳು, ವಾಲುತ್ತಲೇ ಇದ್ದಳು. ಬೆರಳ ತುದಿಯಲ್ಲಿ ಏನೂ ತಿಳಿಯುತ್ತಿಲ್ಲ. ಒಂದೋ ಎರಡೋ, ಇದೋ ಮುಂದಿನದೋ. ಸೊಸೆಗೆ ಭಯವಾಯಿತು. ಎರಡು ವರ್ಷ, ಒಂದೊಂದು ಕಾರ್ಯಕ್ರಮದಲ್ಲಿ ಮೂವತ್ತು ನಲವತ್ತು ಸಲ, ಅರ್ಧ ಅಡಿ ಹಿಂದೆ ಕೂತ ಜೀವಕ್ಕೆ ಇದೇ ಭಯ ಆಗುತ್ತಿತ್ತು. ತಾನು ಒಮ್ಮೆಯೂ ಆ ಕಡೆ ತಿರುಗಿ ನೋಡಿರಲಿಲ್ಲ.

“ತ್ಚ್.”

ಬಾಯಿಂದ ತಾನಾಗಿ ಬಂತು. ಹಾಳೆ ಸರಕ್ಕೆಂದು ತಿರುಗಿತು, ಹುಡುಗಿ ಕೈ ಬಿಟ್ಟಳು, ಸೊಸೆಯ ಎರಡೂ ಕೈ ಕೆಳಗಿಳಿದವು. ಸ್ವರ ಎದ್ದಾಗ ಹುಡುಗಿ ಹತ್ತು ಕೈಗಳ ಮೇಲೆ ಸುರಕ್ಷಿತವಾಗಿ ಮಲಗಿದ್ದಳು.

ಮುಗಿದ ಮೇಲೆ ರಂಗದ ಹಿಂದೆ ಹೂವು, ಫೋಟೋ, ಗದ್ದಲ. ನಿರ್ದೇಶಕಿ ಬಂದು ಸೊಸೆಯ ಕೆನ್ನೆ ಹಿಂಡಿ ಹೋದಳು. ಗಂಡ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತ. ಮೆಣಸು ಆ ಗಿಡ್ಡ ಹುಡುಗಿಯ ಜೊತೆ ಫೋಟೋ ತೆಗೆಸಿಕೊಳ್ಳಲು ಓಡಿದಳು. ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು, ದೀಪದ ತಂತಿ ತುಂಬಿದ ಪೆಟ್ಟಿಗೆಯೊಂದರ ಮೇಲೆ ಸೊಸೆಯ ಪಕ್ಕ ಕೂತರು.

“ಅತ್ತೆ,” ಸೊಸೆ ಅಂದಳು. “ಪ್ರತಿ ಹಾಳೆಗೂ ಹೀಗೇ ಆಗ್ತಿತ್ತಾ ನಿಮಗೆ?”

“ಏನು?”

“ಹೆದರಿಕೆ.”

ಅತ್ತೆ ಮೊಣಕಾಲ ಮೇಲೆ ಕೈ ಊರಿಕೊಂಡು ಕೂತರು.

“ಒಂದು ತಮಾಷೆ ಗೊತ್ತಾ?” ಅಂದರು ಆಮೇಲೆ. “ಹತ್ತೊಂಬತ್ತು ವರ್ಷ ಪಕ್ಕದಲ್ಲೇ ಕೂತು ನಿನ್ನ ಸಂಗೀತ ಕೇಳಿರ್ಲೇ ಇಲ್ಲ ನಾನು. ಮುಂದಿನ ಹಾಳೆ, ಮುಂದಿನ ಹಾಳೆ, ಇದೇ ಆಯ್ತು. ಜನ ಬಂದು ಚೆನ್ನಾಗಿತ್ತು ಅಂದ್ರೆ ನಾನೂ ಹೌದು ಅಂತಿದ್ದೆ. ಇವತ್ತೇ ಕೇಳಿದ್ದು.”

“ಹೇಗಿತ್ತು?”

ಮುಖಸ್ತುತಿ ಅತ್ತೆಗೆ ಯಾವತ್ತೂ ಬಂದದ್ದಲ್ಲ.

“ತುಂಬ ಸುಸ್ತಾಗಿದೀಯ ಕಣೇ ನೀನು,” ಅಂದರು.

ವಾರವೆಲ್ಲ ಯಾರೂ ಅವಳಿಗೆ ಹೇಳಿರದ ಮಾತು ಅದು. ಹೂವುಗಳನ್ನು ಮಡಿಲಲ್ಲಿಟ್ಟುಕೊಂಡು, ಅಷ್ಟು ಜನರ ನಡುವೆ, ಸೊಸೆ ಅತ್ತುಬಿಟ್ಟಳು.

“ಹೌದತ್ತೆ,” ಅಂದಳು.